ಕಂಪ್ಯೂಟರ್ ಏಳದಿರಲಿ ಎಂದು ಬೇಡಿಕೊಂಡವಳು

ಗುಂಗಿಯ ಕಾದಂಬರಿ ಕಂಪ್ಯೂಟರಿನಲ್ಲಿದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಲ್ಲಿರುವುದು ಬರೀ ಒಂದೂವರೆ ಪುಟ ಎಂಬುದು ಗುಂಗಿಯೊಬ್ಬಳಿಗೇ ಗೊತ್ತಿತ್ತು. ಸದಾ ಯಾವುದೋ ಗುಂಗಿನಲ್ಲಿರುತ್ತಾಳೆಂದು ಅಪ್ಪ ಇಟ್ಟ ಹೆಸರದು. ಬರೆಯುತ್ತೇನೆಂದು ಕೆಲಸ ಬಿಟ್ಟು ಕೂತಮೇಲೆ ಅದೇ ಹೆಸರಿಗೆ ಮರ್ಯಾದೆಯೂ ಬಂದಿತ್ತು. “ನಮ್ಮ ಗುಂಗಿ ಬರೀತಿದ್ದಾಳೆ” ಎಂದು ಅಮ್ಮ ಪಕ್ಕದ ಮನೆಯವರಿಗೆ ದನಿ ತಗ್ಗಿಸಿ ಹೇಳುತ್ತಿದ್ದಳು, ಒಳಗೆ ಎಳೆಗೂಸು ಮಲಗಿದೆಯೇನೋ ಎನ್ನುವ ಹಾಗೆ.

ಮುಗಿಯುತ್ತ ಬಂದಿದೆ ಎಂದು ಪ್ರಕಾಶಕಿಯೊಬ್ಬರ ಹತ್ತಿರ ಕೊಚ್ಚಿಕೊಂಡವಳೂ ಅವಳೇ. ಅವರು ಕೊಟ್ಟ ಗಡುವು ಅಂದಿನ ಸಂಜೆಗೆ. ಯಾವ ಸುಳ್ಳು ಹೇಳುವುದೆಂದು ತೋಚದೆ ಗುಂಗಿ ಬೆಳಿಗ್ಗೆ ಕಂಪ್ಯೂಟರಿನ ಗುಂಡಿ ಒತ್ತಿದಳು. ಒಳಗಿನ ಫ್ಯಾನು ಗಿರ್ರೆಂದಿತು. ಕುಯ್ ಕುಯ್ ಕುಯ್ ಎಂದು ಏನೋ ಕೂಗಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು. ಮತ್ತೆ ಒತ್ತಿದಳು. ಅದೇ ಕೂಗು, ಅದೇ ಕತ್ತಲೆ.

ಅಜ್ಜಿಯ ತೊಡೆಯ ಮೇಲೆ ಕತೆ ಕೇಳಿ ಬೆಳೆದವಳಿಗೆ ವರ ಎಂದರೇನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಪಸ್ಸಿಲ್ಲದೆ ಸಿಕ್ಕ ವರ! ಆ ಗಳಿಗೆಯಲ್ಲೇ ಅವಳ ಕಾದಂಬರಿ ಮುನ್ನೂರು ಪುಟಕ್ಕೆ ಬೆಳೆದು, ಮುಗಿದು, ಕಳೆದೂ ಹೋಯಿತು.

“ಅಮ್ಮಾ, ಎಲ್ಲಾ ಹೋಯ್ತು!” ಎಂದು ಕೂಗಿಕೊಂಡಳು. ಕಣ್ಣಲ್ಲಿ ನಿಜವಾದ ನೀರೇ ಬಂದದ್ದು ಕಂಡು ಅವಳಿಗೇ ಬೆರಗು.

ಅಮ್ಮ ಓಡಿಬಂದು ತಬ್ಬಿಕೊಂಡಳು. ಅಪ್ಪ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. ಗುಂಗಿ ಬಿಸಿ ಟೀ ಗುಟುಕರಿಸುತ್ತ, ಇಲ್ಲದ ಪುಟಗಳಿಗಾಗಿ ಮನಸಾರೆ ದುಃಖಪಟ್ಟಳು. ಅವುಗಳಲ್ಲಿ ಕೆಲವಂತೂ ಎಷ್ಟು ಚೆನ್ನಾಗಿದ್ದವು! ಅಷ್ಟರಲ್ಲಿ ಅಮ್ಮ ಮಾಡಬಾರದ ಕೆಲಸ ಮಾಡಿಬಿಟ್ಟಿದ್ದಳು: ಸೊಸೆಗೆ ಫೋನು.

ಅತ್ತಿಗೆ ಆಸ್ಪತ್ರೆಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ಬಂದವಳೇ ಚಪ್ಪಲಿ ಒಂದು ದಿಕ್ಕಿಗೆ, ಬ್ಯಾಗು ಒಂದು ದಿಕ್ಕಿಗೆ ಎಸೆದು ಮೇಜಿನ ಕೆಳಗೆ ನುಗ್ಗಿದಳು.

“ಬಿಡಿ ಅತ್ತಿಗೆ, ಹಣೇಲಿ ಬರೆದಿತ್ತು,” ಎಂದಳು ಗುಂಗಿ.

“ಹಣೆಯದ್ದು ಆಮೇಲೆ ನೋಡೋಣ. ಸ್ಕ್ರೂಡ್ರೈವರ್ ಕೊಡು.”

ಗುಂಗಿ ಹುಡುಕಿ ಹುಡುಕಿ ಮೂತಿ ಮುರಿದದ್ದನ್ನೇ ಕೊಟ್ಟಳು. ಅತ್ತಿಗೆ ಅದನ್ನೊಮ್ಮೆ, ಇವಳನ್ನೊಮ್ಮೆ ನೋಡಿ ಬ್ಯಾಗಿನಿಂದ ತನ್ನದನ್ನು ತೆಗೆದಳು.

“ಹೀಗೆ ಕೂಗಿದ್ರೆ ರ‍್ಯಾಮ್ ಸರಿಯಾಗಿ ಕೂತಿಲ್ಲ ಅಂತ. ಹೆದರ್ಕೋಬೇಡ ಕಣೇ. ಈ ಪೆಟ್ಟಿಗೆ ಪೂರ್ತಿ ಸತ್ರೂ, ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದ್ರೆ ನೀನು ಬರೆದಿದ್ದು ಒಂದಕ್ಷರ ಬಿಡದೆ ಬರುತ್ತೆ.”

ಗುಂಗಿ ಟೀ ಲೋಟ ಕೆಳಗಿಟ್ಟಳು. ಅಜ್ಜಿಯ ಕತೆಯ ರಾಕ್ಷಸ ತನ್ನ ಜೀವವನ್ನು ಏಳು ಸಮುದ್ರದಾಚೆ ಗಿಳಿಯೊಳಗೆ ಬಚ್ಚಿಡುತ್ತಿದ್ದ. ಈ ಪೆಟ್ಟಿಗೆಯೆಂಬ ದಡ್ಡ ರಾಕ್ಷಸ ಕೈಗೆಟಕುವ ಮೂಲೆಯಲ್ಲೇ ಇಟ್ಟುಕೊಂಡಿದ್ದಾನಲ್ಲ!

ಅತ್ತಿಗೆ ವಯರು ಕಿತ್ತು, ಪೆಟ್ಟಿಗೆಯ ಪಕ್ಕದ ತಗಡು ಕಳಚಿ, ಉದ್ದನೆಯ ರ‍್ಯಾಮ್ ಪಟ್ಟಿಯನ್ನು ಹೊರತೆಗೆದು ಅದರ ಹೊಂಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿದಳು. ಮತ್ತೆ ಕೂರಿಸಿ ಅದುಮಿದಾಗ ಟಕ್ಕೆಂದಿತು. ಗುಂಡಿ ಒತ್ತಿದರೆ ಪರದೆ ಬೆಳಗಿತು, ಗುಂಗಿಯ ಮುಖ ಕಪ್ಪಿಟ್ಟಿತು. ಆದರೆ ಪರದೆಯ ಮೇಲೆ ಬಂದದ್ದು ಒಂದೇ ಸಾಲು: ಡಿಸ್ಕ್ ಕಾಣುತ್ತಿಲ್ಲ.

“ಅಯ್ಯೋ, ಕಾಣ್ತಿಲ್ವಂತೆ!” ದನಿಯಲ್ಲಿ ಉಕ್ಕಿದ ಹಿಗ್ಗನ್ನು ಗುಂಗಿ ಕೆಮ್ಮಿ ಮುಚ್ಚಿಕೊಂಡಳು.

ಅತ್ತಿಗೆ ಟಾರ್ಚ್ ಹಿಡಿದು ಬಗ್ಗಿದಳು. “ಡಿಸ್ಕಿನ ಕೇಬಲ್ಲೂ ಸಡಿಲ. ಎರಡೂ ಒಟ್ಟಿಗೆ ಹೇಗಾಗುತ್ತೆ? ಅತ್ತೆ, ಇದನ್ನ ಯಾರಾದ್ರೂ ಬೀಳಿಸಿದ್ರಾ?”

“ಬೀಳಿಸೋದಾ? ಆ ರೂಮಿಗೆ ನಾವು ಕಾಲೇ ಇಡಲ್ಲ ಕಣಮ್ಮ. ದಿನಾ ಮಧ್ಯಾಹ್ನ ಇವಳು ಟಕ್ ಟಕ್ ಅಂತ ಟೈಪ್ ಮಾಡೋದು ಗೋಡೆ ಆಚೆಗೂ ಕೇಳುತ್ತೆ. ನಾನು ರೇಡಿಯೊ ಹಾಕಲ್ಲ. ನಿಮ್ಮಾವ ಸೀನೋದಕ್ಕೂ ಬೀದಿಗೆ ಹೋಗ್ತಾರೆ.”

ಅತ್ತಿಗೆ ಕೀಬೋರ್ಡಿನ ಒಂದೆರಡು ಕೀ ಒತ್ತಿ ನೋಡಿದಳು. ಮೆತ್ತನೆಯ ಕೀಗಳು, ಸದ್ದೇ ಬರಲಿಲ್ಲ. ಆಮೇಲೆ ಕಳಚಿಟ್ಟ ತಗಡನ್ನೆತ್ತಿ ಬೆಳಕಿಗೆ ಹಿಡಿದಳು. ನಟ್ಟನಡುವೆ ಒಂದು ತಗ್ಗು, ಹಿಮ್ಮಡಿಯಷ್ಟೇ ಅಗಲ. ಅವಳ ಕಣ್ಣು ನಿಧಾನಕ್ಕೆ ಗುಂಗಿಯ ಕಾಲಿಗಿಳಿಯಿತು. ಗುಂಗಿ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು.

ಎಷ್ಟು ಮಧ್ಯಾಹ್ನಗಳು! ಕಿಟಕಿಯಾಚೆಯ ಮೋಡ ನೋಡುತ್ತ, ನಾಯಕಿಗೆ ಯಾವ ಬಣ್ಣದ ಕುದುರೆ ಕೊಡುವುದೆಂದು ಯೋಚಿಸುತ್ತ, ಪೆಟ್ಟಿಗೆಗೆ ಹಿಮ್ಮಡಿಯಿಂದ ತಾಳ ಹಾಕಿಕೊಂಡು ಕೂತದ್ದು. ಮನೆಯವರು ಉಸಿರು ಬಿಗಿಹಿಡಿದು ಆಲಿಸಿದ್ದು ಆ ತಾಳವನ್ನು. ಸಾಹಿತ್ಯಕ್ಕೆ ಅವಳ ಒಟ್ಟು ಕೊಡುಗೆಯೂ ಅದೇ.

ಅತ್ತಿಗೆ ಕೇಬಲ್ ಒತ್ತಿ ಕೂರಿಸಿದಳು. ಈ ಸಲ ಕಂಪ್ಯೂಟರ್ ಒಳ್ಳೆಯ ನಿದ್ದೆ ಮುಗಿಸಿದವರಂತೆ ಎದ್ದು ಕೂತಿತು. ‘ಕಾದಂಬರಿ’ ಎಂಬ ಫೈಲು ತೆರೆದಳು. ಓದುವುದಕ್ಕೆ ಅವಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

“ಬಂತೇನೇ?” ಎಂದು ಅಮ್ಮ ಬಾಗಿಲಿಂದಲೇ ಕೇಳಿದಳು.

ಅತ್ತಿಗೆ ಪಿಸುಗುಟ್ಟಿದಳು: “ಡಿಸ್ಕ್ ಕೆಟ್ಟು ಉಳಿದದ್ದು ಹೋಯ್ತು ಅಂತ ಹೇಳಲಾ? ಇದೊಂದು ಸಲ ಹೇಳ್ತೀನಿ, ನೋಡು.”

ಗುಂಗಿ ಹೂಂ ಎನ್ನುವುದರಲ್ಲಿದ್ದಳು. ಅಷ್ಟರಲ್ಲಿ ಅಪ್ಪನಿಗೆ ಸೀನು ಬಂತು. ಅವನು ಮೂಗು ಹಿಡಿದುಕೊಂಡು, ತುದಿಗಾಲಲ್ಲಿ, ಬೀದಿ ಬಾಗಿಲ ಕಡೆ ಓಡತೊಡಗಿದ.

“ಅಪ್ಪಾ, ಇಲ್ಲೇ ಸೀನು!” ಗುಂಗಿ ಎದ್ದು ನಿಂತುಬಿಟ್ಟಳು. “ನಾನು ಬರೆದೇ ಇಲ್ಲ. ಇರೋದು ಒಂದೂವರೆ ಪುಟ. ಆ ಸದ್ದು ಟೈಪಿಂಗಿಂದಲ್ಲ, ನನ್ನ ಕಾಲಿಂದು.”

ಅಪ್ಪ ಸೀನಿದ. ಕಿಟಕಿಯ ಗಾಜು ನಡುಗಿತು.

“ಕಾಲಿಂದಾ?” ಅಮ್ಮ ಹಣೆ ಚಚ್ಚಿಕೊಂಡಳು. “ಪಕ್ಕದ ಮನೆಯವರನ್ನೆಲ್ಲ ಕರೆದು, ಗೋಡೆಗೆ ಕಿವಿ ಇಡಿಸಿ ಕೇಳಿಸಿದ್ದೀನಲ್ಲೇ! ಮೊದಲು ಆ ಪುಸ್ತಕದೋರಿಗೆ ಫೋನ್ ಮಾಡು. ನಮ್ಮೆದುರಿಗೇ ಮಾಡು.”

ಗುಂಗಿ ಮಾಡಿದಳು. ಕಂಪ್ಯೂಟರ್ ಕೆಟ್ಟದ್ದು, ರಿಪೇರಿಯಾದದ್ದು, ಅದರೊಳಗೆ ಸಿಕ್ಕಿದ್ದು, ಒಂದನ್ನೂ ಬಿಡದೆ ಒಪ್ಪಿಸಿದಳು.

“ಬೆಳಿಗ್ಗೆಯಿಂದ ಮೂರು ಜನ ಕಂಪ್ಯೂಟರ್ ಕೆಟ್ಟಿದೆ ಅಂತ ಫೋನ್ ಮಾಡಿದ್ರು,” ಎಂದರು ಪ್ರಕಾಶಕಿ. “ರಿಪೇರಿ ಆಯ್ತು ಅಂದೋರು ನೀವೊಬ್ರೇ. ಆ ಒಂದೂವರೆ ಪುಟ ಕಳಿಸಿ, ನೋಡೋಣ.”

“ಅದರಲ್ಲಿ ಅರ್ಧ ಪುಟ ಬರೀ ಅರ್ಪಣೆ, ಮೇಡಂ.”

“ಸರಿ, ಒಂದು ಪುಟ ಕಳಿಸಿ.”