ಅಕ್ಕನ ಮನೆಯ ನೆರಳು

ಅನುಮಾನ ಪಡುವುದಕ್ಕೇ ನನಗೆ ಸಂಬಳ. ಸೇನಾ ನೆಲೆಯ ಬೇಲಿಯ ಸುತ್ತ ಊರು ಎಷ್ಟು ಬೆಳೆಯಿತೆಂದು ಉಪಗ್ರಹದ ಚಿತ್ರಗಳಲ್ಲಿ ನೋಡುತ್ತೇನೆ. ಅಲ್ಲಿ ಎರಡು ಅಂತಸ್ತಿಗಿಂತ ಹೆಚ್ಚು ಕಟ್ಟುವಂತಿಲ್ಲ. ನೆರಳನ್ನು ಅಳೆದು ಎತ್ತರ ಲೆಕ್ಕ ಹಾಕಿ, ಮಿತಿ ಮೀರಿದ ಮನೆಗೆ ಕೆಂಪು ಸುತ್ತು ಎಳೆಯುತ್ತೇನೆ. ಆಮೇಲೆ ಒಡೆಯುವವರು ಹೋಗುತ್ತಾರೆ. ಆಫೀಸಿನಲ್ಲಿ ನನಗೆ 'ಹದ್ದಿನ ಕಣ್ಣು' ಎಂದು ಹೆಸರು. ನನಗೂ ಅದರ ಜಂಬವಿತ್ತು.

ಹೊಸ ಚಿತ್ರದಲ್ಲಿ ಅಕ್ಕನ ಮನೆಯ ನೆರಳು ಪಕ್ಕದ ದರ್ಜಿಯ ಅಂಗಳಕ್ಕೆ ಚಾಚಿತ್ತು. ಹಿಂದಿನದರಲ್ಲಿ ಕಾಂಪೌಂಡನ್ನೇ ದಾಟಿರಲಿಲ್ಲ. ಬೆಣ್ಣೆಯಂಥ ಮಾತಿನ ಭಾವನ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆಯಿಲ್ಲ. ಭಾನುವಾರ ಅಲ್ಲಿಗೇ ಹೋದೆ.

"ಭಾವ, ಸ್ವಲ್ಪ ಟೆರೇಸ್ ಮೇಲೆ ಹೋಗಿ ಬರ್ತೀನಿ."

"ಬೀಗ ಹಾಕಿದೆ ಕಣಮ್ಮ. ಕೀ ಎಲ್ಲೋ ಕಳೆದುಹೋಗಿದೆ."

ಕೀ ಗೊಂಚಲು ಅವನ ಜೇಬಿನಲ್ಲೇ ಉಬ್ಬಿಕೊಂಡಿತ್ತು. ಅಕ್ಕ ನನ್ನ ಮುಖ ನೋಡದೆ ಟೀ ಲೋಟ ಎತ್ತಿಕೊಂಡು ಒಳಗೆ ಹೋದಳು. ನನಗೆ ಮೈಯೆಲ್ಲ ಉರಿಯಿತು.

ಸಂಬಂಧಿಕರ ಮನೆಯಾದರೆ ಬೇರೆಯವರಿಂದ ನೋಡಿಸಬೇಕೆಂಬುದು ನಿಯಮ. ನಾನು ಯಾರಿಗೂ ಹೇಳದೆ ಸೋಮವಾರ ಕೆಂಪು ಸುತ್ತು ಎಳೆದುಬಿಟ್ಟೆ.

ಗುರುವಾರ ಅಕ್ಕನ ಫೋನು. ಅಳುತ್ತಿದ್ದಳು.

"ಸುತ್ತಿಗೆ ಹಿಡ್ಕೊಂಡೇ ಬಂದಿದ್ರು ಕಣೇ! ಬೀಗ ಒಡೆದು ನೋಡಿದ್ರೆ ಮೇಲೆ ಏನಿದೆ? ಬಟ್ಟೆ ಒಣಗ್ಸೋ ತಂತಿ."

"ಮತ್ತೆ ಬೀಗ ಯಾಕೆ ಹಾಕಿದ್ರಿ?"

"ಬಾಡಿಗೆಯವರ ಮಗಳು ಟೆರೇಸಿಂದ ಸೇನೆಯವರ ಬೇಲಿ ಕಡೆ ಫೋಟೊ ತೆಗೀತಿದ್ಲು. ಸಿಕ್ಕಿಬಿದ್ರೆ ಎಲ್ಲರಿಗೂ ಕಷ್ಟ ಅಂತ ನಿಮ್ ಭಾವ ಯಾರನ್ನೂ ಬಿಡ್ತಿರಲಿಲ್ಲ. ನೀನು ಹತ್ತಿ, ನಾಳೆ ಏನಾದ್ರೂ ಆಗಿ ನಿನ್ನ ಕೆಲಸಕ್ಕೇ ಕುತ್ತು ಬಂದ್ರೆ? ಅದಕ್ಕೇ ಸುಳ್ಳು ಹೇಳಿದ್ದು."

ಫೋನು ಕಿವಿಗೆ ಇಟ್ಟುಕೊಂಡೇ ಎರಡೂ ಚಿತ್ರ ತೆರೆದೆ. ಹಳೆಯದು ಬೇಸಿಗೆಯದು, ಹೊಸದು ಚಳಿಗಾಲದ್ದು. ಚಳಿಗಾಲದಲ್ಲಿ ಸೂರ್ಯ ಕೆಳಗಿರುತ್ತಾನೆ, ನೆರಳು ಉದ್ದ. ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಸುವ ಪಾಠ. ಆ ಬೀದಿಯ ಪ್ರತಿ ಮನೆಯ ನೆರಳೂ ಉದ್ದವಾಗಿತ್ತು. ಕರೆಂಟು ಕಂಬದ್ದೂ ಅಷ್ಟೇ. ಅದೂ ಮೇಲೊಂದು ಅಂತಸ್ತು ಕಟ್ಟಿಸಿತ್ತೇ? ನಾನು ಭಾವನ ಮನೆಯೊಂದನ್ನೇ ನೋಡಿದ್ದೆ.

"ದರ್ಜಿನೇ ದೂರು ಕೊಟ್ಟಿರೋದು ಅಂತ ಇವರು ಅವನ ಕಾಲರ್ ಹಿಡಿದಿದ್ದಾರೆ. ಇಪ್ಪತ್ತು ವರ್ಷದ ಸ್ನೇಹ! ನೀನು ಅದೇ ಆಫೀಸಲ್ಲಿದ್ದೀಯಲ್ಲ, ಸ್ವಲ್ಪ ವಿಚಾರಿಸೇ."

"ದರ್ಜಿ ಅಲ್ಲ, ಅಕ್ಕ."

"ಹಾಗಾದ್ರೆ ನಿಂಗೆ ಗೊತ್ತು! ರೀ, ಬನ್ನಿ ಇಲ್ಲಿ, ಇವಳಿಗೆ ಗೊತ್ತಂತೆ."

ಫೋನು ಕೈ ಬದಲಾಯಿತು.

"ಹೇಳಮ್ಮ," ಎಂದ ಭಾವ. "ಯಾರು?"