ವಾಣಿ ಹೇಳದೆ ಬಿಟ್ಟ ಮಾತು

ಕೊಳ್ಳೇಗಾಲದ ಕಡೆಯಿಂದ ಸೇಲಂಗೆ ಮದುವೆಯಾಗಿ ಬಂದು ಹದಿಮೂರು ವರ್ಷವಾಗಿದ್ದರೂ ಮಂಜುಳಮ್ಮನಿಗೆ ಬರುತ್ತಿದ್ದುದು ಸಂತೆಯಲ್ಲಿ ಬೆಲೆ ಕೇಳುವಷ್ಟು ತಮಿಳು. ನೇಕಾರರ ಬೀದಿಯ ತುಂಬ ಕನ್ನಡದವರೇ ಇದ್ದದ್ದರಿಂದ ಹೆಚ್ಚು ಬೇಕಾಗಿರಲೂ ಇಲ್ಲ. ಗಂಡ ತೀರಿಕೊಂಡ ಮೇಲೆ ಮಗ್ಗಕ್ಕೆ ಅವಳೇ ಕೂತಳು. ಲಾಳಿಗೆ ಬೇಕಾದ ನೂಲನ್ನು ರಾಟೆಯಲ್ಲಿ ಸುತ್ತಿಕೊಡುವ ಕೆಲಸ ಹನ್ನೆರಡು ವರ್ಷದ ವಾಣಿಯ ಪಾಲಿಗೆ ಬಂತು; ಅವಳ ಶಾಲೆ ನಿಂತಿತು. ಚಿಕ್ಕವಳು ಸಂಗೀತಾ ಮಾತ್ರ ಮೂರನೇ ಕ್ಲಾಸಿಗೆ ಹೋಗುತ್ತಿದ್ದಳು.

ವಾಣಿಗೆ ಉಬ್ಬಸ. ತೊಂಬತ್ತಾರರಲ್ಲಿ, ಉಬ್ಬಸದ ಮಕ್ಕಳಿಗೂ ತಾಯಂದಿರಿಗೂ ಶಾಲೆಯೊಂದರಲ್ಲಿ ಭಾನುವಾರ ತಿಳಿವಳಿಕೆ ಹೇಳುತ್ತಾರೆಂದು ಕೇಳಿ ತಾಯಿ ಮಗಳಿಬ್ಬರೂ ಹೋದರು. ತಮಿಳರು, ತೆಲುಗರು, ಸೌರಾಷ್ಟ್ರಿ ಮಾತಿನವರು, ಉರ್ದು ಮಾತಾಡುವವರು ಎಲ್ಲ ಬಂದಿದ್ದರು, ಕನ್ನಡದವರು ಇವರಿಬ್ಬರೇ. ನರ್ಸ್ ಚೆಲ್ಲಮ್ಮ ಬೋರ್ಡಿನ ಮೇಲೆ ಶ್ವಾಸಕೋಶ ಬರೆದು ತೋರಿಸಿದಳು, ಇನ್ಹೇಲರ್ ಒತ್ತಿ ಉಸಿರೆಳೆಯುವುದನ್ನು ಒಂದೊಂದು ಮಗುವಿನಿಂದಲೂ ಮಾಡಿಸಿದಳು. ಆಮೇಲೆ ಒಬ್ಬೊಬ್ಬ ತಾಯಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮನೆಯ ವಿಚಾರ ಕೇಳಿದಳು. ಮಂಜುಳಮ್ಮನ ಸರದಿಯಲ್ಲಿ, ಶಾಲೆಯಲ್ಲಿ ತಮಿಳು ಕಲಿತಿದ್ದ ವಾಣಿಯೇ ನಡುವೆ ನಿಂತು ಮಾತು ದಾಟಿಸಿದಳು. ಚೆಲ್ಲಮ್ಮ ಬಹಳ ಹೊತ್ತು ಹೇಳಿದಳು. ವಾಣಿ ಅಮ್ಮನಿಗೆ ಹೇಳಿದ್ದು ಸ್ವಲ್ಪವೇ. ದಿನಾ ಎರಡು ಸಲ ಇನ್ಹೇಲರ್ ಎಳೆಯಬೇಕಂತೆ, ಒಲೆಯ ಹೊಗೆಗೆ ಹೋಗಬಾರದಂತೆ.

ಮಂಜುಳಮ್ಮ ಅಷ್ಟನ್ನೂ ತಪ್ಪದೆ ನಡೆಸಿದಳು. ಒಲೆಯನ್ನು ಹಿತ್ತಲಿಗೆ ಸಾಗಿಸಿದಳು.

ಡಿಸೆಂಬರಿನ ಒಂದು ಬೆಳಗ್ಗೆ ರಾಟೆಯ ಮುಂದೆಯೇ ವಾಣಿಗೆ ಉಸಿರು ಕಟ್ಟಿತು. ನಾಲ್ಕು ಸಲ ಇನ್ಹೇಲರ್ ಒತ್ತಿದರೂ ಉಬ್ಬಸ ಇಳಿಯಲಿಲ್ಲ. ಆಟೋ ಆಸ್ಪತ್ರೆ ಮುಟ್ಟುವ ಮೊದಲೇ ತಾಯಿಯ ತೊಡೆಯ ಮೇಲೆ ಪ್ರಾಣ ಹೋಯಿತು.

ಹದಿನೈದು ದಿನ ಕಳೆದು ಚೆಲ್ಲಮ್ಮ ಮನೆ ಹುಡುಕಿಕೊಂಡು ಬಂದಳು. ಪಕ್ಕದ ಮನೆಯ ರಾಜಾತಿ ಮಾತು ದಾಟಿಸಲು ಕೂತಳು. ಮೂಲೆಯಲ್ಲಿ ಸಂಗೀತಾ ರಾಟೆ ತಿರುಗಿಸುತ್ತಿದ್ದಳು. ಅದನ್ನು ನೋಡಿ ಚೆಲ್ಲಮ್ಮ ಏನೋ ಅಂದಳು. ರಾಜಾತಿ ತಡವರಿಸಿದಳು.

"ಏನಂತೆ ಅಕ್ಕಾ?" ಮಂಜುಳಮ್ಮ ಕೇಳಿದಳು.

"ನೂಲಿನ ಧೂಳು ವಾಣಿಗೆ ಆಗಾಕಿಲ್ಲ, ರಾಟೆ ತಾವ ಕೂರಿಸ್ಬ್ಯಾಡ ಅಂತ ಅವತ್ತೇ ಏಳಿದ್ರಂತೆ. ಎರಡು ಸಲ ಏಳಿದ್ರಂತೆ."

"ನಂಗ್ಯಾರೂ ಏಳ್ಲಿಲ್ಲ."

ಅಮ್ಮನಿಗೆ ಹೇಳಿದೆಯಾ ಎಂದು ಚೆಲ್ಲಮ್ಮ ಅವತ್ತು ಕೇಳಿದಾಗ ವಾಣಿ ಹೂಂ ಅಂದಿದ್ದಳಂತೆ. ರಾಟೆ ನಿಂತಿತು. ಸಂಗೀತಾ ತಲೆ ಎತ್ತಲಿಲ್ಲ.

"ಅಕ್ಕ ಬೇಕಂತಲೇ ಏಳ್ಲಿಲ್ಲಮ್ಮ. ತಾನು ರಾಟೆ ಬಿಟ್ಟು ಎದ್ರೆ ನೀನು ನನ್ ಇಸ್ಕೂಲ್ ಬಿಡಿಸ್ತೀಯ ಅಂದ್ಲು."

ವಾಣಿ ಹೋದ ನಾಲ್ಕನೇ ದಿನವೇ ಮಂಜುಳಮ್ಮ ಈ ಮಗುವನ್ನು ರಾಟೆಗೆ ಕೂರಿಸಿದ್ದಳು.

ಮರುದಿನ ತಲೆ ಬಾಚಿ ಸಂಗೀತಾಳನ್ನು ಶಾಲೆಗೆ ಕಳಿಸಿದಳು. ಮಧ್ಯಾಹ್ನದವರೆಗೆ ತಾನೇ ನೂಲು ಸುತ್ತಿ, ಆಮೇಲೆ ಮಗ್ಗಕ್ಕೆ ಇಳಿದಳು. ಅಲ್ಲಿಂದ ಮುಂದೆ ನಾಲ್ಕು ದಿನದ ಸೀರೆಗೆ ಏಳು ದಿನ ಹಿಡಿಯುತ್ತಿತ್ತು. ನೂಲು ಕೊಡುವ ಪೊನ್ನುಸ್ವಾಮಿ ಬಾಗಿಲಲ್ಲಿ ನಿಂತು ಗೊಣಗಿದರೆ, ಕೇಳಿಸಿಕೊಂಡೇ ಲಾಳಿ ಎಸೆಯುತ್ತಿದ್ದಳು.