ಕುಬಸದ ದಿನದ ಜ್ವರ

ಬೇಳೆಯ ಕಟ್ಟನ್ನು ಎರಡನೇ ಸಲ ಸೋಸುವಾಗ ಕುಸುಮ ಬಟ್ಟೆಯನ್ನು ನಾಲ್ಕು ಪದರ ಮಾಡಿಕೊಂಡಳು. ನಿನ್ನೆ ನರ್ಸ್ ಡಬ್ಬಿಯನ್ನು ಅರ್ಧಕ್ಕೇ ಹಿಂದಕ್ಕೆ ಕೊಟ್ಟಿದ್ದಳು. ನೀತಾಳ ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆಯಲ್ಲಿ ಬೇಳೆಯ ಒಂದು ಚೂರು ಸಿಕ್ಕಿಕೊಂಡು ಅರ್ಧ ತಾಸು ಒದ್ದಾಡಬೇಕಾಯಿತಂತೆ. ಉಪ್ಪು ಕಡಿಮೆ, ಖಾರವಿಲ್ಲ, ಒಗ್ಗರಣೆಯಿಲ್ಲ. ಬಟ್ಟೆಯನ್ನು ಹಿಂಡದೆ ಹನಿ ತಾನಾಗಿ ಬೀಳುವವರೆಗೆ ಕಾಯಬೇಕು. ಹಿಂಡಿದರೆ ಬೇಳೆಯೂ ಕೆಳಗೆ ಬರುತ್ತದೆ.

ಪೂಜೆ ಮುಗಿಸಿದ ಅತ್ತೆ ರುದ್ರವ್ವ ಹಣೆಯ ಮೇಲಿನ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಅಡುಗೆಮನೆಗೆ ಬಂದಳು. ಎರಡು ಬೆರಳ ನಡುವೆ ಬೂದಿಯ ಚಿಟಿಕೆ.

"ಇದನ್ನ ಅದರಾಗ ಹಾಕು. ಮಠದ್ದು."

"ನಳಿಗ್ಯಾಗ ಸಿಕ್ಕೊಳ್ತದ್ರಿ ಅತ್ತಿ."

"ದೇವರ ಬೂದಿ ಎಲ್ಲೂ ಸಿಕ್ಕೊಳ್ಳೂದಿಲ್ಲ. ಡಾಕ್ಟರ ನೀರಿನ್ಯಾಗ ಏನೇನೋ ಕಲಸಿ ಏರಸ್ತಾನ, ಅದಕ್ಕ ಯಾರೂ ಕೇಳೂದಿಲ್ಲ."

ಕುಸುಮ ಚಿಟಿಕೆಯನ್ನು ತನ್ನ ಬೆರಳಿಗೆ ಇಳಿಸಿಕೊಂಡು, ಪಾತ್ರೆಯ ಕಡೆ ತಿರುಗಿದಂತೆ ಮಾಡಿ, ನಲ್ಲಿಯ ಕೆಳಗೆ ಕೈ ಹಿಡಿದಳು. ಇಪ್ಪತ್ತೆರಡು ವರ್ಷಗಳಿಂದ ಈ ಮನೆಯಲ್ಲಿ ಅವಳು ಬದುಕಿದ್ದು ಹೀಗೆಯೇ. ಬೇಡ ಎನ್ನುವುದಿಲ್ಲ, ಮಾಡುವುದೂ ಇಲ್ಲ. ಬಾಯಿ ಬಿಟ್ಟು ಹೇಳುವವಳು ನೀತಾ. ಮೂರು ವರ್ಷದ ಹಿಂದೆ ಮೈದುನ ಶಿವರಾಜನ ಹೆಂಡತಿಯಾಗಿ ಸೊಲ್ಲಾಪುರದಿಂದ ಬಂದ ಆ ಹುಡುಗಿ, ಕುಸುಮ ಗಂಟಲಲ್ಲೇ ಇಟ್ಟುಕೊಂಡ ಮಾತನ್ನು ಎತ್ತಿ ಹೊರಗೆ ಹಾಕಿಬಿಡುತ್ತಿದ್ದಳು. "ಅಕ್ಕಾಗ ಕಾಲು ನೋಯಾಕ್ಹತ್ಯಾವಂತ್ರಿ ಅತ್ತಿ, ಇವತ್ತ ರೊಟ್ಟಿ ನಾ ಬಡೀತೀನಿ." ರುದ್ರವ್ವ ಮುಖ ಗಂಟಿಕ್ಕಿದರೆ ಇವಳು ನಗುತ್ತಿದ್ದಳು. ಈಗ ನೀತಾಳ ಗಂಟಲಿಗೆ ಉಸಿರಾಟದ ಮಷಿನ್ನಿನ ಪೈಪು ಇಳಿದು ಹನ್ನೊಂದನೇ ದಿನ.

"ಇನ್ನೊಂದು," ಎಂದಳು ರುದ್ರವ್ವ. "ಸೊಲ್ಲಾಪುರದ ಬೀಗತಿ ಇವತ್ತ ಬರ್ತಾಳ. ಹನ್ನೊಂದರ ಗಾಡಿಗೆ. ಜ್ವರ ಯಾವಾಗ ಬಂತಂತ ಕೇಳೇ ಕೇಳ್ತಾಳ. ಕುಬಸ ಆದ ಮ್ಯಾಲೆ ಬಂತು. ತಿಳೀತಿಲ್ಲೋ?"

ಕುಸುಮ ಸೋಸುವ ಬಟ್ಟೆಯನ್ನೇ ನೋಡುತ್ತಿದ್ದಳು.

"ಸೋಮವಾರ ಸಂಜೀಕ. ಹೌದಲ್ಲೋ? ಬೀಗತಿ ಕೆಮ್ಮಿದ್ದು ನಾಕು ಮಂದಿ ಕೇಳ್ಯಾರ. ನಾ ಏನ ಹುಟ್ಟಿಸಿ ಹೇಳಾಕ್ಹತ್ತಿಲ್ಲ."

"ಹೂಂ," ಎಂದಳು ಕುಸುಮ.

ಚಿಂಚವಾಡದಿಂದ ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಅರ್ಧಕ್ಕರ್ಧ ಜನ ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದರು. ಶಾಲೆಗಳು, ಸಿನೆಮಾ ಮಂದಿರಗಳು ಮುಚ್ಚಿದ್ದವು. ಕರ್ಪೂರ ಯಾಲಕ್ಕಿ ಗಂಟು ಕಟ್ಟಿ ಮೂಸಿದರೆ ಹಂದಿಜ್ವರ ಹತ್ತಿರ ಬರುವುದಿಲ್ಲವೆಂದು ಯಾರೋ ಹೇಳಿದ್ದೇ ತಡ ಅಂಗಡಿಗಳಲ್ಲಿ ಕರ್ಪೂರ ಸಿಗದಂತಾಗಿತ್ತು. ರುದ್ರವ್ವ ಅದಕ್ಕೂ ಮೊದಲೇ ಎರಡು ಡಬ್ಬಿ ತರಿಸಿಟ್ಟಿದ್ದಳು. ಮನೆಯ ಎಲ್ಲರ ಜೇಬಿನಲ್ಲೂ ಗಂಟುಗಳಿದ್ದವು. ನೀತಾಳ ಸೆರಗಿಗೂ ಒಂದು ಕಟ್ಟಿತ್ತು.

ಕುಸುಮ ಡಬ್ಬಿಯನ್ನು ತೊಡೆಯ ಮೇಲೆ ಹಿಡಿದು ಕುಳಿತಳು. ಕಿಟಕಿಯಲ್ಲಿ ಕಂಪನಿಗಳ ಉದ್ದ ಗೋಡೆಗಳು ಸರಿಯುತ್ತಿದ್ದವು. ಆದರೆ ಅವಳಿಗೆ ಕಾಣುತ್ತಿದ್ದುದು ಆ ಭಾನುವಾರ, ಬಸುರಿ ನೀತಾಳ ಕುಬಸದ, ಸೀಮಂತದ, ದಿನ.

ಜ್ವರ ಬಂದದ್ದು ಶನಿವಾರ ಸಂಜೆ. ಹೂರಣ ರುಬ್ಬುವಾಗ ನೀತಾ ಬಂದು ಕುಸುಮಳ ಬೆನ್ನಿಗೆ ಹಣೆ ಒತ್ತಿದಳು. ಸೀರೆ ಕುಬಸ ಎರಡನ್ನೂ ದಾಟಿ ಬಿಸಿ ತಾಕಿತು. ಮರುದಿನ ಮುಂಜಾನೆ ಥರ್ಮಾಮೀಟರ್ ಇಟ್ಟರೆ ನೂರಾ ಎರಡೂವರೆ. ಕುಸುಮ ಅದನ್ನು ಅತ್ತೆಯ ಕಣ್ಣಿಗೆ ಹಿಡಿದಳು.

"ಬಸುರಿ ಮೈ ಬೆಚ್ಚಗೇ ಇರ್ತದ," ಎಂದಳು ರುದ್ರವ್ವ. "ನಾ ಮೂರು ಹಡದೀನಿ. ಸೊಲ್ಲಾಪುರದವರು ಗಾಡಿ ಹತ್ಯಾರ. ಬುಟ್ಟಿ ಉಂಡಿ ಕಟಗೊಂಡು ಬರ್ಲಿಕ್ಹತ್ಯಾರ. ಏಳನೇ ತಿಂಗಳು ಈ ವಾರ ಮುಗೀತದ, ಎಂಟರಾಗ ಕುಬಸ ಯಾರ ಮನ್ಯಾಗರ ಮಾಡ್ಯಾರೇನು?"

"ಸರಕಾರಿ ತಪಾಸಣಿಗೆ ಒಮ್ಮೆ ಒಯ್ದು..."

"ಒಯ್ದು? ಮುನಸಿಪಾಲ್ಟಿಯವರು ಬಂದು ಇಡೀ ಬಿಲ್ಡಿಂಗಿಗೆ ಗುಳಿಗಿ ಹಂಚ್ತಾರ. ಆಮ್ಯಾಲೆ ಲಿಫ್ಟಿನ್ಯಾಗ ನಮ್ಮ ಜೋಡಿ ಯಾರು ಹತ್ತತಾರ? ಒಂದು ಜ್ವರದ ಗುಳಿಗಿ ಕೊಡು. ಬಾದಾಮಿ ಹಾಲಿನ್ಯಾಗ ಕೊಡು, ಖಾಲಿ ಹೊಟ್ಟೀಲೆ ಬ್ಯಾಡ."

ಗುಳಿಗೆ ಕೊಟ್ಟವಳು ಕುಸುಮ. ಪುಡಿ ಮಾಡಿ, ಹಾಲಿನಲ್ಲಿ ಕದಡಿ, ಕೇಸರಿ ಎರಡು ಎಳೆ ಹೆಚ್ಚಿಗೆ ಹಾಕಿ. ಆಮೇಲೆ ಥರ್ಮಾಮೀಟರನ್ನು ತಣ್ಣೀರಿನಲ್ಲಿ ತೊಳೆದು, ಜಾಡಿಸಿ, ಪಾದರಸವನ್ನು ಬುಡಕ್ಕೆ ಇಳಿಸಿ ಕಪಾಟಿನಲ್ಲಿಟ್ಟಳು. ಹಸಿರು ಬಳೆ ತೊಡಿಸಿದ್ದು, ಹಸಿರು ಕುಬಸದ ಗುಂಡಿ ಹಾಕಿದ್ದು, ಮೊಗ್ಗಿನ ಜಡೆ ಹೆಣೆದದ್ದು ಎಲ್ಲ ಅವಳೇ. ಮಣೆಯ ಮೇಲೆ ಕೂತ ನೀತಾಳ ಕೆನ್ನೆ ಕೆಂಪಾಗಿತ್ತು. ಬಂದ ಹೆಂಗಸರು ಬಸಿರಿನ ಕಳೆ ಎಂದರು, ಗಂಡೋ ಹೆಣ್ಣೋ ಎಂದು ಪಂಥ ಕಟ್ಟಿದರು. "ಇಷ್ಟು ಕೆಂಪಾಗ್ಯಾಳಂದ್ರ ಶಿವರಾಜ ಏನ ತಿನಸ್ಯಾನವಾ?" ಎಂದು ಒಬ್ಬಳು ನಗಿಸಿದಳು.

ಐದು ಜನ ಮುತ್ತೈದೆಯರು ಒಂದೇ ತಾಟಿನಿಂದ ಒಂದೊಂದು ತುತ್ತು ತಿನ್ನಿಸಬೇಕು. ಎರಡನೆಯ ತುತ್ತಿಗೇ ನೀತಾ ಕುಸುಮಳ ಸೆರಗು ಎಳೆದಳು.

"ಅಕ್ಕಾ, ಐದು ನಿಮಿಷ ಅಡ್ಡಾಗ್ತೀನಿ."

"ಇನ್ನ ಮೂರೇ ಮಂದಿ, ನೀತಾ. ಸ್ವಲ್ಪ ತಡಿ."

ಅವಳು ತಡೆದಳು. ಎಲ್ಲ ಮುಗಿದ ಮೇಲೆ ತಾಟಿನಲ್ಲಿ ಹೋಳಿಗೆ, ಕೋಸಂಬರಿ, ಚಿತ್ರಾನ್ನ ಉಳಿದಿದ್ದವು. ನೀತಾಳ ತಾಯಿ ಚನ್ನಬಸವ್ವ ಅದನ್ನು ಬಿಡಲಿಲ್ಲ. ಬಸುರಿ ಮಗಳ ಎಂಜಲು ತಾಯಿಗೆ ಪ್ರಸಾದ ಎಂದು ಅಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತು ತಾಟು ಬೆರಳಿನಿಂದ ಒರೆಸಿ ಉಂಡಳು. ಉಣ್ಣುವಾಗ ಚಟ್ನಿಪುಡಿ ನೆತ್ತಿಗೇರಿ ಕೆಮ್ಮಿದಳು. ರುದ್ರವ್ವ ಹೇಳುವ ಕೆಮ್ಮು ಅದು.

ಮಂಗಳವಾರ ಸೊಲ್ಲಾಪುರದಲ್ಲಿ ಚನ್ನಬಸವ್ವ ಹಾಸಿಗೆ ಹಿಡಿದಳು. ಇಲ್ಲಿ ನೀತಾಳಿಗೆ ಟೈಫಾಯ್ಡ್ ಎಂದು ಮನೆಯವರೇ ಹೆಸರಿಟ್ಟು, ಓಣಿಯ ಡಾಕ್ಟರರಿಂದ ಆ ಗುಳಿಗೆಗಳನ್ನೇ ತಂದು ಕೊಟ್ಟರು. ಗುರುವಾರ ನೀತಾಳ ಉಗುರುಗಳು ನೀಲಿಯಾದವು. ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರ್, "ತಾಪ ಕಧೀಪಾಸೂನ ಆಹೇ?" ಎಂದು ಕೇಳಿದ. ಜ್ವರ ಯಾವಾಗಿನಿಂದ? ಕುಸುಮಳ ಗಂಡ ಸಿದ್ದಾರೂಢ ಎರಡು ಬೆರಳು ಎತ್ತಿ ತೋರಿಸಿದ. ಎರಡು ದಿನ. ಕುಸುಮ ಬಟ್ಟೆಯ ಚೀಲ ಹಿಡಿದು ಅವನ ಹಿಂದೆಯೇ ನಿಂತಿದ್ದಳು. ಡಾಕ್ಟರ್ ಬರೆದುಕೊಂಡ.

ಮೊದಲ ಎರಡು ದಿನದಲ್ಲಿ ಕೊಟ್ಟರೆ ಈ ಜ್ವರದ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಅದೇ ಡಾಕ್ಟರ್ ಮೂರನೇ ದಿನ ಹೇಳಿದ. ನೀವು ವೇಳೆಗೆ ತಂದಿದ್ದೀರಿ, ಆದರೂ ಯಾಕೆ ಹೀಗಾಗುತ್ತಿದೆಯೋ ತಿಳಿಯುತ್ತಿಲ್ಲ ಎಂದ. ಎಕ್ಸ್‌ರೇಯಲ್ಲಿ ಕಪ್ಪಾಗಿ ಕಾಣಬೇಕಿದ್ದ ಎರಡೂ ಶ್ವಾಸಕೋಶಗಳು ಹಾಲು ಚೆಲ್ಲಿದಂತೆ ಬೆಳ್ಳಗಿದ್ದವು. ನಾಲ್ಕನೇ ದಿನ ಹೊಟ್ಟೆಯೊಳಗಿನ ಕೂಸಿನ ಎದೆಬಡಿತ ನಿಂತಿತು. ಆಮೇಲೆ ಜ್ವರದ ವಿಷಾಣು ಸೋತಿತಂತೆ, ಆದರೆ ಅದು ಹದಗೆಡಿಸಿದ ಶ್ವಾಸಕೋಶದಲ್ಲಿ ಬೇರೆ ರೋಗಾಣು ಬಂದು ಮನೆ ಮಾಡಿತು. ಅಲ್ಲಿಂದ ರಕ್ತಕ್ಕೆ, ರಕ್ತದಿಂದ ಮೂತ್ರಪಿಂಡಕ್ಕೆ. ಊದಿದ ಕೈಯಿಂದ ಹಸಿರು ಬಳೆಗಳನ್ನು ನರ್ಸ್ ಒಡೆದು ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟಾಗ ಶಿವರಾಜ ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಸಂಜೆಯವರೆಗೂ ಕೈಯಲ್ಲೇ ಹಿಡಿದುಕೊಂಡು ಅಡ್ಡಾಡಿದ್ದ.

ಚನ್ನಬಸವ್ವ ಆಸ್ಪತ್ರೆಗೆ ಹನ್ನೆರಡಕ್ಕೆ ಬಂದಳು. ಹದಿನೈದು ದಿನದಲ್ಲಿ ಅರ್ಧ ಆಗಿದ್ದಳು. ಸ್ಟೇಷನ್ನಿನಿಂದ ಅವಳನ್ನು ಕರೆತಂದ ರುದ್ರವ್ವ ಅಟೋದಲ್ಲೇ ಹೇಳುವುದನ್ನೆಲ್ಲ ಹೇಳಿ ಮುಗಿಸಿದ್ದಳೆಂದು ಆ ಮುಖ ನೋಡಿದರೆ ತಿಳಿಯುತ್ತಿತ್ತು. ಮೂರನೇ ಮಹಡಿಯ ವರಾಂಡದ ಬೆಂಚಿನ ತುದಿಯಲ್ಲಿ, ಯಾರಿಗೂ ತಾಕದಂತೆ, ಸೆರಗಿನಿಂದ ಮೂಗು ಬಾಯಿ ಒತ್ತಿಕೊಂಡು ಕುಳಿತಳು.

"ದೂರ ಕುಂಡ್ರವಾ ಕುಸುಮಾ. ನನ್ನ ಮೈಯಾಗ ಇನ್ನೂ ಇರಬಹುದು."

"ಇಲ್ರಿ ಯವ್ವಾ, ನಿಮಗ ಆರಾಮಾಗಿ ವಾರ ಆತು."

"ಮೊದಲ ತುತ್ತು ನಾನೇ ಹಾಕಿದ್ದೆ. ಈ ಕೈಲೆ." ಅವಳು ಬಲಗೈಯನ್ನು ತೊಡೆಯ ಮೇಲೆ ಅಂಗೈ ಮೇಲಾಗಿ ಇಟ್ಟು ನೋಡಿಕೊಂಡಳು. "ಆಕಿ ಒಲ್ಲೆ ಒಲ್ಲೆ ಅಂದ್ಳು. ತಿನ್ನು ಅಂದೆ. ಒತ್ತಾಯ ಮಾಡಿ ಹಾಕಿದೆ."

"ಹಿಂಗ ಆಗ್ತದಂತ ಯಾರಿಗೆ ಗೊತ್ತಿತ್ತು, ಬೀಗತಿ," ಎಂದಳು ರುದ್ರವ್ವ, ಕ್ಷಮಿಸುವವರ ದನಿಯಲ್ಲಿ. "ನೀವು ಬೇಕಂತ ಮಾಡಿದ್ದೇನಲ್ಲ. ನಾವೇನು ನಿಮಗ ಒಂದು ಮಾತು ಅಂದೀವೇನು?"

ಚನ್ನಬಸವ್ವ ಎರಡೂ ಕೈ ಜೋಡಿಸಿದಳು. ಕುಸುಮಳಿಗೆ ಅದನ್ನು ನೋಡಲಾಗಲಿಲ್ಲ. ಮೂರೂವರೆಗೆ, ಡಬ್ಬಿ ಕೊಡುವ ಹೊತ್ತಾದಾಗ, ಎದ್ದು ಮಷಿನ್ ಇರುವ ಮೇಲಿನ ಮಹಡಿಗೆ ಹೋದಳು.

ನರ್ಸ್ ಡಬ್ಬಿ ತೆಗೆದುಕೊಳ್ಳಲಿಲ್ಲ. "ಆಜ ನಕೋ, ಮಾವಶಿ," ಎಂದಳು. ಇವತ್ತು ಬೇಡ. ಬೆಳಗಿನಿಂದ ಹೊಟ್ಟೆ ಏನನ್ನೂ ತಗೊಳ್ಳುತ್ತಿಲ್ಲ, ನಳಿಕೆಯಲ್ಲಿ ರಕ್ತ ಬರುತ್ತಿದೆ. ಅಷ್ಟರಲ್ಲಿ ಡಾಕ್ಟರ್ ಹೊರಗೆ ಬಂದು ನೀತಾ ಬಗಲಿಯ ಮನೆಯವರು ಯಾರು ಎಂದು ಕೇಳಿದ. ಶಿವರಾಜ ಗೋಡೆಗೆ ಆತು ನಿಂತವನು ಕದಲಲಿಲ್ಲ. ಕುಸುಮಳೇ ಮುಂದೆ ಹೋದಳು. ರಕ್ತದ ಒತ್ತಡ ಔಷಧಿಗೂ ನಿಲ್ಲುತ್ತಿಲ್ಲ, ಮಷಿನ್ನು ಎಷ್ಟು ಕೊಡಬಹುದೋ ಅಷ್ಟೂ ಕೊಡುತ್ತಿದೆ ಎಂದು ಡಾಕ್ಟರ್ ಮರಾಠಿಯಲ್ಲಿ ಮೆಲ್ಲಗೆ ಹೇಳಿದ. ನಾಳೆಯವರೆಗೆ ಉಳಿಯುತ್ತಾಳೆ ಎಂದು ನಾನು ಹೇಳಲಾರೆ. ತಾಯಿ ಬಂದಿದ್ದಾರೆಂದು ಕೇಳಿದೆ. ಐದು ಗಂಟೆಗೆ ಒಬ್ಬರಿಗೇ ಪಾಸು, ಅವರನ್ನೇ ಕಳಿಸಿ. ಮಾಸ್ಕ್ ಹಾಕಿದರಾಯಿತು, ಅವರಿಂದ ಈಗ ಏನೂ ಅಪಾಯವಿಲ್ಲ.

ಕುಸುಮ ಶಿವರಾಜನೊಂದಿಗೆ ಕೆಳಗೆ ಬಂದು ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ. ಕೊನೆಯ ಮಾತನ್ನು ಎರಡು ಸಲ ಒತ್ತಿ ಹೇಳಿದಳು. "ನಿಮ್ಮಿಂದ ಏನೂ ಆಗೂದಿಲ್ಲಂತ ಡಾಕ್ಟರೇ ಹೇಳ್ಯಾರ್ರಿ. ನೀವು ಹೋಗ್ರಿ."

ಚನ್ನಬಸವ್ವ ತಲೆ ಅಲ್ಲಾಡಿಸಿದಳು.

"ಒಮ್ಮೆ ಹೋಗಿ ಜ್ವರ ಕೊಟ್ಟುಬಂದೀನಿ, ಸಾಕು. ನಾ ಒಳಗ ಹೋಗೂದಿಲ್ಲ."

"ಯವ್ವಾ, ಆಕಿ..."

"ತಿಳೀತು. ಅದಕ್ಕೇ ಹೋಗೂದಿಲ್ಲ. ಆಕಿಗೆ ಎಚ್ಚರ ಇಲ್ಲಂತೀರಿ, ಖರೇ, ಆದ್ರ ಮೈಗೆ ಗೊತ್ತಾಗ್ತದ. ಇದನ್ನ ಕೊಟ್ಟಾಕಿ ಮತ್ತ ಬಂದ್ಳಂತ ಗೊತ್ತಾಗ್ತದ." ಇಷ್ಟು ಹೇಳಿ ಸೆರಗನ್ನು ಮತ್ತೆ ಬಾಯಿಗೆ ಒತ್ತಿಕೊಂಡಳು.

ಕುಸುಮ ಅತ್ತೆಯ ಕಡೆ ತಿರುಗಿದಳು. ಒಂದು ಮಾತು, ಇಲ್ಲ ಬೀಗತಿ, ನೀವು ಬರೂಕಿಂತ ಮೊದಲೇ ಮೈ ಬಿಸಿ ಇತ್ತು ಎನ್ನುವ ಒಂದು ಮಾತು ಆ ಬಾಯಿಂದ ಈಗ ಬಂದೀತು ಎಂದು ಕಾದಳು. ರುದ್ರವ್ವ ಸೆರಗು ಸರಿಪಡಿಸಿಕೊಂಡಳು.

"ಮನಸ್ಸು ಒಲ್ಲೆ ಅಂದ್ರ ಬ್ಯಾಡ ಬಿಡ್ರಿ. ನಾನೇ ಹೋಗಿ ಬರ್ತೀನಿ. ಪಾಸು ಎಲ್ಲದ, ಕುಸುಮಾ?"

ಕುಸುಮ ಅತ್ತೆಯನ್ನು ನೋಡಿದಳು. ಕೆಟ್ಟ ಹೆಂಗಸು ಎಂದುಕೊಳ್ಳಲು ಪ್ರಯತ್ನಿಸಿದಳು, ಅದು ಸುಲಭವಾಗಿತ್ತು. ಅತ್ತೆ ಹೆದರಿದ್ದಾಳೆ. ಸೊಲ್ಲಾಪುರದವರು ನಾಲ್ಕು ಮಂದಿಯನ್ನು ಕೂಡಿಸಿ ಕೇಳಿದರೆ ಏನು ಹೇಳಬೇಕೆಂದು ಹೆದರಿದ್ದಾಳೆ, ಹೆದರಿಕೆಯನ್ನು ಪಕ್ಕದವಳ ಉಡಿಗೆ ಹಾಕಿದ್ದಾಳೆ. ಆದರೆ ಗುಳಿಗೆ ಅರೆದದ್ದು ಯಾರ ಕೈ? ಪಾದರಸ ಜಾಡಿಸಿದ್ದು? ಇನ್ನ ಮೂರೇ ಮಂದಿ ಎಂದದ್ದು? ಹನ್ನೊಂದು ದಿನ ಈ ವರಾಂಡದಲ್ಲಿ ಅವಳು ಅತ್ತೆಯ ಸುಳ್ಳಿಗೆ ಹೂಂ ಅಂದಿದ್ದು ಅತ್ತೆಗೋಸ್ಕರವಲ್ಲ. ಆ ಸುಳ್ಳಿನ ನೆರಳಿನಲ್ಲಿ ತಾನೂ ತಣ್ಣಗೆ ಕುಳಿತಿದ್ದಳು.

"ಮ್ಯಾನೇಜರ ಕಡೆ ಅದ, ತರಬೇಕು," ಎಂದಳು. ಪಾಸು ಅವಳ ಪರ್ಸಿನಲ್ಲೇ ಇತ್ತು. "ಲಿಫ್ಟು ಬಂದ್ ಆಗೇದಂತ. ಮಷಿನ್ ಇರೂದು ಮ್ಯಾಲಿನ ಮಹಡಿ, ನಿಮ್ಮ ಮೊಣಕಾಲಿಗೆ ಆಗಂಗಿಲ್ರಿ ಅತ್ತಿ. ಮುಂಜಾನಿಂದ ನೀವು ಒಂದು ತುತ್ತು ಉಂಡಿಲ್ಲ. ಶಿವರಾಜನ್ನೂ ಕರಕೊಂಡು ಮನೀಗೆ ಹೋಗ್ರಿ, ಆರಕ್ಕ ಬರ್ರಿ. ನಾ ಇರ್ತೀನಿ."

ರುದ್ರವ್ವ ಸೊಸೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಅಲ್ಲಿ ಎಂದಿನ ಮುಖವೇ ಇತ್ತು. ಮಗನ ರಟ್ಟೆ ಹಿಡಿದು ಎದ್ದಳು. ಹೋಗುವಾಗ ಕುಸುಮಳ ಕಿವಿಯ ಹತ್ತಿರ ಬಾಗಿ, "ಹೇಳಿದ್ದು ನೆನಪಿರಲಿ," ಎಂದಳು.

"ಹೂಂ."

ಅವರು ಮೆಟ್ಟಿಲು ಇಳಿದು ಹೋದದ್ದನ್ನು ಕೇಳುತ್ತ ಕುಸುಮ ನಿಂತಳು. ಆಮೇಲೆ ಬೆಂಚಿನ ಹತ್ತಿರ ಬಂದು, ದೂರ ಬಿಡದೆ, ಚನ್ನಬಸವ್ವನಿಗೆ ಮೊಣಕೈ ತಾಕುವಷ್ಟು ಹತ್ತಿರ ಕುಳಿತಳು. ಚನ್ನಬಸವ್ವ ಸರಿಯಲು ನೋಡಿದಳು. ಅತ್ತ ಗೋಡೆಯಿತ್ತು, ಸರಿಯಲು ಜಾಗವಿರಲಿಲ್ಲ.

ಐದಕ್ಕೆ ಮೊದಲು ಹೇಳಿಬಿಡಬೇಕು ಎಂದು ಕುಸುಮ ಮನಸ್ಸಿನಲ್ಲೇ ನಿಶ್ಚಯಿಸಿದಳು. ಶನಿವಾರದಿಂದ ಶುರು ಮಾಡಿ, ಒಂದನ್ನೂ ಬಿಡದೆ. ಅತ್ತೆಯ ಹೆಸರು ಮೊದಲು ಬರಬಾರದು, ತನ್ನದು ಬರಬೇಕು. ಈ ತಾಯಿ ಕೆನ್ನೆಗೆ ಹೊಡೆಯಬಹುದು, ಇಡೀ ಆಸ್ಪತ್ರೆ ಕೇಳುವಂತೆ ಅಳಬಹುದು. ಹೊಡೆದು, ಅತ್ತು, ಮಗಳ ಹತ್ತಿರ ಹೋದರೆ ಸಾಕು. ತಾನು ನಾಳೆಯಿಂದ ಆ ಮನೆಯಲ್ಲಿ ಹೇಗೆ ಇರುವುದೆಂಬುದನ್ನು ನಾಳೆ ನೋಡಿದರಾಯಿತು.

"ಎಷ್ಟಾತವಾ ಈಗ?" ಎಂದು ಚನ್ನಬಸವ್ವ ಸೆರಗಿನೊಳಗಿಂದ ಕೇಳಿದಳು.

"ನಾಲ್ಕೂ ಹತ್ತು," ಎಂದಳು ಕುಸುಮ.